ಕಡಲಾಳದ ಉಸಿರು ಮತ್ತು ಧೂಮಪಾನ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಾಚೆ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಅಲ್ಲಿಯ ಹವಳಗಳನ್ನೂ ಬಣ್ಣಬಣ್ಣದ ಮೀನುಗಳನ್ನೂ ಕಾಣಲು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಡೈವಿಂಗ್ ಇಂದು ನಮ್ಮ ಯುವಜನರಿಗೆ ಪ್ರಿಯವಾಗಿದೆ. ಸಾಹಸ ತಪ್ಪಲ್ಲ. ಆದರೆ ಬೀಡಿ, ಸಿಗರೇಟುಗಳ ಅಭ್ಯಾಸವುಳ್ಳವರು ನೀರಿಗಿಳಿಯುವ ಮುನ್ನ ತಮ್ಮ ಶ್ವಾಸಕೋಶದ ಸ್ಥಿತಿಯನ್ನು ಅರಿತಿರಬೇಕು.

ನೀರಿನಲ್ಲಿ 10 ಮೀಟರ್ ಇಳಿದರೆ ನಮ್ಮ ಮೇಲಿನ ಒತ್ತಡವು ನೆಲದ ಮೇಲಿನದಕ್ಕಿಂತ ಇಮ್ಮಡಿಯಾಗುತ್ತದೆ; 20 ಮೀಟರಿಗೆ ಮೂರು ಪಟ್ಟಾಗುತ್ತದೆ. ಒತ್ತಡ ಹೆಚ್ಚಿದಂತೆ ಗಾಳಿಯ ಗಾತ್ರ ಕುಗ್ಗುತ್ತದೆ, ತಗ್ಗಿದಂತೆ ಹಿಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದನು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿಯು ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಆದುದರಿಂದಲೇ ನೀರೊಳಗೆ ಉಸಿರನ್ನು ಬಿಗಿಹಿಡಿಯಬಾರದೆಂಬುದು ಡೈವಿಂಗ್ ಕಲಿಯುವವರಿಗೆ ಮೊದಲ ಪಾಠ.

ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದರೂ ಧೂಮಪಾನಿಗೆ ಅಪಾಯ ತಪ್ಪಿತೆನ್ನಲಾಗದು. ಶ್ವಾಸನಾಳದ ಒಳಗೋಡೆಯಲ್ಲಿರುವ ಸೂಕ್ಷ್ಮ ರೋಮಗಳು ಧೂಳನ್ನೂ ಕಫವನ್ನೂ ಗಂಟಲಿನತ್ತ ಗುಡಿಸುತ್ತಿರುತ್ತವೆ. ಹೊಗೆಯು ಇವುಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಕಫವನ್ನು ಹೆಚ್ಚಿಸುತ್ತದೆ. ಆಗ ಕಿರುನಾಳಗಳಲ್ಲಿ ಕಫವು ಬಿರಡೆಯಂತೆ ನಿಲ್ಲುತ್ತದೆ. ಅದರ ಹಿಂದೆ ಸಿಲುಕಿದ ಗಾಳಿಯು ನಾವು ಉಸಿರು ಬಿಟ್ಟರೂ ಹೊರಬರಲಾರದು. ಮೇಲೇರುವಾಗ ಅದು ಹಿಗ್ಗಿ ಶ್ವಾಸಕೋಶದ ಗಾಳಿಗೂಡುಗಳನ್ನು ಹರಿಯಬಹುದು. ಗಾಳಿಯ ಗುಳ್ಳೆಗಳು ರಕ್ತಕ್ಕೆ ನುಗ್ಗಿ ಮಿದುಳನ್ನು ಸೇರಿದರೆ ಪಾರ್ಶ್ವವಾಯು, ಮರಣವೂ ಸಂಭವಿಸಬಹುದು.

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮತ್ತೊಂದು ಶತ್ರು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಅಲೆಗಳ ವಿರುದ್ಧ ಈಜಬೇಕಾದಾಗ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ದೊರೆಯದೆ ದಣಿವು ಬೇಗನೆ ಆವರಿಸುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಹೃದಯದ ಬಡಿತವನ್ನು ಹೆಚ್ಚಿಸುತ್ತದೆ. ಮೂಗು, ಕಿವಿಗಳ ಒಳಪೊರೆ ಊದಿಕೊಳ್ಳುವುದರಿಂದ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸುವುದೂ ಕಷ್ಟವಾಗುತ್ತದೆ.

ಆಳದಿಂದ ಅವಸರವಾಗಿ ಮೇಲೇರಿದರೆ ರಕ್ತದಲ್ಲಿ ಕರಗಿದ ಸಾರಜನಕವು ಗುಳ್ಳೆಗಟ್ಟಿ ಕಾಯಿಲೆಯನ್ನುಂಟುಮಾಡುತ್ತದೆ. ಇಂತಹ ಗುಳ್ಳೆಗಳಿಂದ ಬಾಧಿತರಾದ ಹವ್ಯಾಸಿ ಡೈವರುಗಳ ದಾಖಲೆಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಧೂಮಪಾನಿಗಳಲ್ಲಿ ಅದರ ಲಕ್ಷಣಗಳು ಹೆಚ್ಚು ತೀವ್ರವಾಗಿರುವ ಸಂಭವವಿದೆ ಎಂದು ತಿಳಿಸಿತು.

"ಹಿಂದಿನ ದಿನ ಸೇದದಿದ್ದರೆ ಸಾಲದೇ?" ಎಂದು ಕೆಲವರು ಕೇಳಬಹುದು. ಒಂದು ದಿನದ ಸಂಯಮದಿಂದ ಕಾರ್ಬನ್ ಮೊನಾಕ್ಸೈಡಿನ ಬಹುಭಾಗ ಹೊರಹೋಗುತ್ತದೆ, ನಿಜ. ಆದರೆ ನಿಷ್ಕ್ರಿಯವಾದ ರೋಮಗಳು ಚೇತರಿಸಿಕೊಳ್ಳಲು ವಾರಗಳು, ತಿಂಗಳುಗಳೇ ಬೇಕು. ಹಾಳಾದ ಗಾಳಿಗೂಡುಗಳಂತೂ ಮರಳಿ ಬರುವುದಿಲ್ಲ. ದೀರ್ಘಕಾಲ ಸೇದಿದವರು, ಬಿಟ್ಟ ಬಳಿಕವೂ, ವೈದ್ಯರಿಂದ ಶ್ವಾಸಕೋಶದ ಪರೀಕ್ಷೆ ಮಾಡಿಸಿಕೊಂಡೇ ನೀರಿಗಿಳಿಯಬೇಕು. ತರಬೇತುದಾರರು ಕೊಡುವ ಆರೋಗ್ಯದ ಪ್ರಶ್ನಾವಳಿಯಲ್ಲಿ ಈ ಅಭ್ಯಾಸವನ್ನು ಮುಚ್ಚಿಡಬಾರದು.

ನಮ್ಮ ಭಕ್ತರಲ್ಲಿ ಬಹುಪಾಲು ಜನರು ಎಂದೂ ಕಡಲಾಳಕ್ಕೆ ಇಳಿಯಲಾರರು. ಆದರೆ ಡೈವರನ ಶ್ವಾಸಕೋಶದಲ್ಲಿ ಹೊಗೆ ಮಾಡುವ ಹಾನಿಯೇ ಹೊಲದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ದುಡಿಯುವವರ ಶ್ವಾಸಕೋಶದಲ್ಲೂ ನಡೆಯುತ್ತಿರುತ್ತದೆ. ನೆಲದ ಮೇಲೆ ವರ್ಷಗಟ್ಟಲೆ ಅಡಗಿರುವ ದೋಷವನ್ನು ಕಡಲು ಕೆಲವೇ ಕ್ಷಣಗಳಲ್ಲಿ ಬಯಲುಮಾಡುತ್ತದೆ, ಅಷ್ಟೇ ವ್ಯತ್ಯಾಸ. ಅಂಗದ ಮೇಲೆ ಲಿಂಗವನ್ನು ಧರಿಸುವ ನಾವು ಆ ಅಂಗದೊಳಗೆ ಹೊಗೆ ತುಂಬುವುದು ಸಲ್ಲದು. ಕಾಯಕಕ್ಕೂ ಪೂಜೆಗೂ ಉಸಿರೇ ಆಧಾರ. ಬಿಡಬೇಕೆಂದು ಮನಸ್ಸು ಮಾಡಿದವರು ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆಮಾಡಿ ಮಾರ್ಗದರ್ಶನ ಪಡೆಯಬಹುದು. ಈ ಸಂಕಲ್ಪವನ್ನು ಇಂದೇ ಕೈಗೊಳ್ಳೋಣ.