ಬೆಕ್ಕಿನ ಹೊಟ್ಟೆ ಕೆಟ್ಟದ್ದು ಯಾಕೆ?

ಮಂಗಳೂರಿನ ಬಂದರ್ ಪ್ರದೇಶದ ಬೆಕ್ಕುಗಳಿಗೆ ಊಟದ ಚಿಂತೆ ಕಡಿಮೆ. ಧಕ್ಕೆಯಲ್ಲಿ ಬೂತಾಯಿ, ಬಂಗುಡೆಯ ಬುಟ್ಟಿಗಳು, ಗೋದಾಮುಗಳಲ್ಲಿ ಬೇಕಾದಷ್ಟು ಇಲಿ. ಇಂಥ ಕಡೆ ಇದ್ದೂ ನಮ್ಮ ಮನೆಯ ಚಿನ್ನು ಕಳೆದ ವರ್ಷದ ಜೂನ್‌ನಲ್ಲಿ ಸೊರಗತೊಡಗಿತು. ದಿನಕ್ಕೆ ನಾಲ್ಕೈದು ಸಲ ಭೇದಿ, ನಡುವೆ ಒಮ್ಮೊಮ್ಮೆ ವಾಂತಿ.

"ಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದಿರಬೇಕು" ಎಂದರು ಪಕ್ಕದ ಮನೆಯವರು. "ಹುಳದ ತೊಂದರೆ, ಬೇರೇನಲ್ಲ" ಎಂದರು ಅತ್ತೆ. ಏಳನೇ ತರಗತಿಯ ಮಗಳು ಅಳುಮೋರೆ ಮಾಡಿ, "ಅಮ್ಮಾ, ಒಂದು ಮಾತ್ರೆ ಕೊಡುವಾ" ಎಂದಳು. ಕಪಾಟಿನಲ್ಲಿದ್ದದ್ದು ಪ್ಯಾರಾಸಿಟಮಾಲ್. ಪುಣ್ಯಕ್ಕೆ ಕೊಡಲಿಲ್ಲ. ಆ ಮದ್ದನ್ನು ನಿರಪಾಯಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ನಮಗೆ ಜ್ವರ ಇಳಿಸುವ ಒಂದೇ ಮಾತ್ರೆ ಅದರ ಜೀವ ತೆಗೆಯಬಲ್ಲದು.

ಮರುದಿನ ಚಿನ್ನುವನ್ನು ಬುಟ್ಟಿಯಲ್ಲಿಟ್ಟು ಪಶುವೈದ್ಯರ ಬಳಿಗೆ ಒಯ್ದೆವು. ಅವರು ಮೊದಲು ಅದರ ಬಾಯಿ ತೆರೆದು ನಾಲಗೆಯ ಅಡಿಯನ್ನು ನೋಡಿದರು. ಬಲೆಯ ನೂಲು ಅಲ್ಲಿ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿಗೆ ಇಳಿದಿರುವುದುಂಟಂತೆ. ಹಾಗೆ ಕಂಡರೆ ಎಳೆಯಲೇಬಾರದು, ಕರುಳೇ ಹರಿದೀತು. ವಸಡು ಬಿಳಿಚಿಲ್ಲ, ರಕ್ತ ಒಸರುತ್ತಿಲ್ಲ. ಪಾಷಾಣದ ಗುಮಾನಿ ಕಡಿಮೆಯಾಯಿತು. ಬೆನ್ನಿನ ಚರ್ಮ ಚಿವುಟಿ ಎತ್ತಿ ಬಿಟ್ಟರೆ ಕೂಡಲೇ ಸ್ವಸ್ಥಾನಕ್ಕೆ ಬಂತು; ಮೈಯಲ್ಲಿ ನೀರಿನಂಶ ಸಾಕಷ್ಟಿದೆ ಎಂದರ್ಥ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹುಳದ ಮೊಟ್ಟೆಗಳೂ ಕಾಣಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳ ಸುರಿಮಳೆ! ಹೊಟ್ಟೆ ಹಿಂಡಿ ವಾಂತಿಯೋ, ತಿಂದದ್ದು ಶ್ರಮವಿಲ್ಲದೆ ಹಾಗೆಯೇ ಹೊರಬರುವುದೋ? ತಿಂದು ಎಷ್ಟು ಹೊತ್ತಿಗೆ? ಇತ್ತೀಚೆಗೆ ಊಟದಲ್ಲಿ ಏನು ಬದಲಾಗಿದೆ? ನಾವು ಮುಖ ಮುಖ ನೋಡಿಕೊಂಡೆವು. "ಆಹಾರ ಬಿಟ್ಟಿಲ್ಲವಲ್ಲ, ಗಾಬರಿ ಬೇಡ. ಎಲ್ಲವನ್ನೂ ಬರೆದಿಟ್ಟು ನಾಲ್ಕು ದಿನ ಬಿಟ್ಟು ಬನ್ನಿ. ಊಟ ಬಿಟ್ಟರೆ ಮಾತ್ರ ಅಂದೇ ಬನ್ನಿ" ಎಂದರು. ಎರಡು ಮೂರು ದಿನದ ಉಪವಾಸ ನಾಯಿಗೆ ದೊಡ್ಡದಲ್ಲದಿರಬಹುದು. ಬೆಕ್ಕಿಗೆ, ಅದರಲ್ಲೂ ದಡೂತಿ ಬೆಕ್ಕಿಗೆ, ಅಷ್ಟರಲ್ಲೇ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬತೊಡಗುತ್ತದೆ.

ಪಾಶ್ಚಾತ್ಯರು ಸಾಕುವ ಫೆರೆಟ್ ಎಂಬ ಪುಟ್ಟ ಪ್ರಾಣಿಯ ಹೊಟ್ಟೆ ಕೆಟ್ಟಾಗಲೂ ಹೀಗೆಯೇ ಒಂದೊಂದಾಗಿ ಕಾರಣ ಹುಡುಕುತ್ತಾರೆ. ಅದೂ ಬೆಕ್ಕಿನಂತೆ ಅಪ್ಪಟ ಮಾಂಸಾಹಾರಿ. ರಬ್ಬರ್ ಚೂರು ಕಚ್ಚಿ ನುಂಗುವ ಚಟ ಬೇರೆ. ನಮ್ಮಲ್ಲಿ ಅದನ್ನು ಹೋಲುವ ಮುಂಗುಸಿಯನ್ನು ಹಿಡಿದು ಸಾಕಲು ಯಾರೂ ಹೊರಡಬೇಡಿ, ಕಾನೂನಿನ ಪ್ರಕಾರ ಅದು ಅಪರಾಧ.

ಮಗಳು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು: ಹೊತ್ತು, ತಿಂದದ್ದು, ಮಲ, ವಾಂತಿ. ಮೂರನೇ ದಿನ ಮಳೆಗೆ ಹಾಲಿನ ಪ್ಯಾಕೆಟ್ ಬರಲಿಲ್ಲ. ಅಂದು ಒಂದೇ ಸಲ ಭೇದಿ. ಮರುದಿನ ಹಾಲು ಬಂತು, ಮತ್ತೆ ನಾಲ್ಕು ಸಲ. "ಅಮ್ಮಾ, ಇಲ್ಲಿ ನೋಡಿ!" ಎಂದು ಕೂಗಿದಳು.

ಆಗ ಹೊಳೆಯಿತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ದಡ ಸೇರಿ, ಮೀನಿಗೆ ಬೆಲೆ ಏರಿದ್ದರಿಂದ ಚಿನ್ನುವಿಗೆ ನಾವು ಪ್ರೀತಿಯಿಂದ ಹಾಲು-ಅನ್ನ ಹಾಕತೊಡಗಿದ್ದೆವು. ತಾಯಿಯ ಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಕಡಿಮೆಯಾಗುತ್ತದೆ. ಹಾಲಿನ ಸಕ್ಕರೆ ಅರಗದೆ ಕರುಳಿನಲ್ಲೇ ಉಳಿದು, ನೀರನ್ನು ಸೆಳೆದು, ಹುಳಿತು ಭೇದಿಯಾಗುತ್ತದೆ. ಚಿತ್ರದ ಬೆಕ್ಕು ಬಟ್ಟಲು ನೆಕ್ಕುವುದನ್ನು ನೋಡಿ ಬೆಳೆದ ನಮಗೆ ಹಾಲಿನ ಮೇಲೆ ಅನುಮಾನ ಬರುವುದಾದರೂ ಹೇಗೆ?

ಹಾಲು ನಿಲ್ಲಿಸಿ ಬೇಯಿಸಿದ ಕೋಳಿಮಾಂಸ ಕೊಟ್ಟೆವು. ಮೂರು ದಿನದಲ್ಲಿ ಹೊಟ್ಟೆ ಸರಿಯಾಯಿತು, ವಾಂತಿಯೂ ನಿಂತಿತು. ಐದನೇ ದಿನ ಮತ್ತೆ ಭೇದಿ! ವಿಚಾರಿಸಿದರೆ, "ಪಾಪ, ಕಾಲಿಗೆ ಸುತ್ತಿಕೊಂಡು ಕೂಗಿತು" ಎಂದು ಅತ್ತೆಯೇ ಅರ್ಧ ಬಟ್ಟಲು ಹಾಲು ಕೊಟ್ಟಿದ್ದರು. ವೈದ್ಯರು ನಕ್ಕು, "ಪರೀಕ್ಷೆ ಪೂರ್ತಿಯಾಯಿತು ಬಿಡಿ" ಎಂದರು.

ಆಗಸ್ಟ್‌ನಲ್ಲಿ ಧಕ್ಕೆಗೆ ಮತ್ತೆ ಮೀನು ಬಂತು. ಈಗ ಮುಳ್ಳು ತೆಗೆದು ಬೇಯಿಸಿಯೇ ಹಾಕುತ್ತೇವೆ. ಕೆಲವು ಹಸಿ ಮೀನುಗಳಲ್ಲಿ ಬಿ-1 ಜೀವಸತ್ವವನ್ನು ಹಾಳುಮಾಡುವ ಕಿಣ್ವವಿದ್ದು, ಬೇಯಿಸಿದರೆ ಅದು ನಾಶವಾಗುತ್ತದೆ. ಮಗಳ ನೋಟ್‌ಬುಕ್ಕಿನಲ್ಲಿ ಹೊಸದೊಂದು ಕಲಂ ಸೇರಿದೆ: 'ಅಜ್ಜಿ ಕೊಟ್ಟದ್ದು'.