ಪಾಲಿಸಿಯ ಹಿಂದಿನ ಪುಟಗಳು

ಪಾಲಿಸಿ ಕೈಗೆ ಬಂದರೆ ನಾನು ಓದುವುದು ಹಿಂದಿನಿಂದ ಮುಂದಕ್ಕೆ. ಸರಕಾರಿ ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ತಲೆ ನರೆಸಿಕೊಂಡವನಿಗೆ ಅಂಟಿದ ಚಾಳಿ ಇದು. ಕೊಡುತ್ತೇವೆ ಎನ್ನುವುದೆಲ್ಲ ಮುಂದಿನ ಪುಟಗಳಲ್ಲಿ, ಕೊಡುವುದಿಲ್ಲ ಎನ್ನುವುದೆಲ್ಲ ಹಿಂದೆ. ಕ್ಯಾಡ್‌ಬರಿ, ಓರಿಯೋ, ಮಿಲ್ಕಾಗಳ ಒಡೆಯನಾದ ಅಮೆರಿಕದ ಮೊಂಡೆಲೀಜ್ ಕಂಪನಿ ಹಿಂದಿನ ಪುಟದ ಅಂಥದೊಂದು ಸಾಲಿಗಾಗಿ ನಾಲ್ಕು ವರ್ಷ ಕೋರ್ಟು ಅಲೆಯಿತು.

2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರದ ಸಾಫ್ಟ್‌ವೇರ್ ಒಂದರೊಳಗಿಂದ ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ಹುಳ ಹೊರಬಿದ್ದು ದೇಶದೇಶಗಳಿಗೆ ಹಬ್ಬಿತು. ಮೊಂಡೆಲೀಜ್‌ನ 1,700 ಸರ್ವರ್‌ಗಳು, 24,000 ಲ್ಯಾಪ್‌ಟಾಪ್‌ಗಳು ಕೆಟ್ಟು ಕೂತವು. ತಿಂಗಳ ಕೊನೆಯ ನಾಲ್ಕು ದಿನ ಮಾಲು ಕಳಿಸುವುದಕ್ಕೂ ಬಿಲ್ಲು ಹಾಕುವುದಕ್ಕೂ ಪರದಾಟ. ಬೆಂಕಿ ಬಿದ್ದಿಲ್ಲ, ನೀರು ನುಗ್ಗಿಲ್ಲ, ಗೋಡೆಗೊಂದು ಬಿರುಕಿಲ್ಲ. ನಷ್ಟ ಮಾತ್ರ 10 ಕೋಟಿ ಡಾಲರಿಗೂ ಮೇಲೆ.

ಜ್ಯೂರಿಕ್ ವಿಮಾ ಕಂಪನಿಯಿಂದ ಪಡೆದ ಆಸ್ತಿ ಪಾಲಿಸಿ ಅವರ ಬಳಿ ಇತ್ತು. ದುರುದ್ದೇಶದ ಕಂಪ್ಯೂಟರ್ ಕೋಡ್ ನುಗ್ಗಿಸಿ ದತ್ತಾಂಶ ಹಾಳುಮಾಡಿದರೂ ಪರಿಹಾರ ಉಂಟು ಎಂದು ಅದರಲ್ಲೇ ಬರೆದಿತ್ತು. ಕ್ಲೇಮು ಹಾಕಿದರು. ಅಷ್ಟರಲ್ಲಿ, 2018ರ ಫೆಬ್ರವರಿಯಲ್ಲಿ, ಬ್ರಿಟನ್ ಮತ್ತು ಅಮೆರಿಕ ಸರಕಾರಗಳು ಇದು ರಷ್ಯಾದ ಸೇನೆಯ ಕೆಲಸ ಎಂದು ಹೇಳಿಬಿಟ್ಟವು. ಜ್ಯೂರಿಕ್ ಹಿಂದಿನ ಪುಟ ತೆರೆಯಿತು. ಸರಕಾರವೊಂದರ ಹಗೆತನದ ಅಥವಾ ಯುದ್ಧದಂಥ ಕೃತ್ಯಕ್ಕೆ ಪರಿಹಾರವಿಲ್ಲ ಎಂಬ ಸಾಲು ಅಲ್ಲಿತ್ತು. ಹಡಗು ಮುಳುಗಿಸುವವರನ್ನೂ ಬಾಂಬು ಹಾಕುವವರನ್ನೂ ಮನಸ್ಸಿನಲ್ಲಿಟ್ಟು ಬರೆದ ಸಾಲು ಅದು. ಬಿಸ್ಕೆಟ್ ಕಂಪನಿಯ ಲ್ಯಾಪ್‌ಟಾಪು ಅದರಡಿ ಬರುತ್ತದೆಯೇ? ವಿಮೆಯವನಾದ ನನ್ನನ್ನು ಕೇಳಿದರೂ ಬರುವುದಿಲ್ಲ ಎಂದೇ ಹೇಳುತ್ತೇನೆ. ಔಷಧ ಕಂಪನಿ ಮರ್ಕ್ ಇದೇ ಹುಳದ ಮೊಕದ್ದಮೆಯನ್ನು ನ್ಯೂಜೆರ್ಸಿಯ ಮೇಲ್ಮನವಿ ಕೋರ್ಟಿನಲ್ಲಿ 2023ರಲ್ಲಿ ಗೆದ್ದಿತು. ಮೊಂಡೆಲೀಜ್ ಮತ್ತು ಜ್ಯೂರಿಕ್ 2022ರ ಕೊನೆಗೆ ರಾಜಿಯಾದವು, ಮೊತ್ತವನ್ನು ಬಾಯಿಬಿಡಲಿಲ್ಲ. ವಿಮೆಯವರೇನು ಸುಮ್ಮನಿದ್ದಾರೆಯೇ? ಸರಕಾರದ ಬೆಂಬಲವಿರುವ ಸೈಬರ್ ದಾಳಿಯನ್ನು ಸೈಬರ್ ಪಾಲಿಸಿಗಳು ಹೊರಗಿಡಲೇಬೇಕೆಂದು ಲಂಡನ್ನಿನ ಲಾಯ್ಡ್ಸ್ ನಿಯಮ ಮಾಡಿತು. 2023ರ ಮಾರ್ಚ್ 31ರಿಂದ ಜಾರಿ.

ಮೊಂಡೆಲೀಜ್‌ನಂಥ ದೊಡ್ಡ ಕಂಪನಿಗಳು ಸಿಕ್ಕಿದ್ದಕ್ಕೆಲ್ಲ ವಿಮೆ ಮಾಡಿಸುತ್ತವೆ ಎಂದುಕೊಂಡವರೇ ಹೆಚ್ಚು. ಹಾಗೇನಿಲ್ಲ. ಸಣ್ಣ ನಷ್ಟಗಳು ಸ್ವಂತ ಜೇಬಿನದ್ದು. ಅದಕ್ಕಿಂತ ದೊಡ್ಡದಕ್ಕೆ ಬರ್ಮುಡಾ, ಲಕ್ಸೆಂಬರ್ಗ್‌ನಂಥ ಕಡೆ ತಮ್ಮದೇ ಪುಟ್ಟ ವಿಮಾ ಕಂಪನಿ ಇಟ್ಟುಕೊಳ್ಳುವವರಿದ್ದಾರೆ. ಪ್ರೀಮಿಯಂ ಎಡಗೈಯಿಂದ ಬಲಗೈಗೆ. ಕಾರ್ಖಾನೆಯೇ ಸುಟ್ಟುಹೋಗುವಂಥ ನಷ್ಟವನ್ನು ಮಾತ್ರ ಹೊರಗಿನವರಿಗೆ ವಹಿಸುತ್ತಾರೆ. ಭಾರತದಲ್ಲಿರುವ ಆಸ್ತಿಯ ವಿಮೆ ಇಲ್ಲಿ ಪರವಾನಗಿ ಇರುವ ಕಂಪನಿಯಲ್ಲೇ ಆಗಬೇಕು. ಆ ಕಂಪನಿ ಅಪಾಯದ ದೊಡ್ಡ ಪಾಲನ್ನು ಮರುವಿಮೆಯಾಗಿ ವಿದೇಶಕ್ಕೆ ದಾಟಿಸುತ್ತದೆ. ಊರಿನ ಗೋದಾಮಿಗೆ ನಾವು ಸರ್ವೇಯರನ್ನು ಕಳಿಸುತ್ತಿದ್ದದ್ದು ಸುಟ್ಟ ಮೇಲೆ. ದೊಡ್ಡ ಕಂಪನಿಗಳಲ್ಲಿ ವಿಮೆಯವರ ಎಂಜಿನಿಯರು ಸುಡುವ ಮೊದಲೇ ಬಂದು ಸ್ಪ್ರಿಂಕ್ಲರ್, ವೈರಿಂಗ್ ಎಲ್ಲ ನೋಡಿ ಹೋಗುತ್ತಾನೆ.

ಹೆಸರು ಕೆಟ್ಟರೆ ಪಾಲಿಸಿ ಕೆಲಸಕ್ಕೆ ಬರುವುದು ಅಷ್ಟಕ್ಕಷ್ಟೆ. 2003ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಅಧಿಕಾರಿಗಳಿಗೆ ಡೇರಿ ಮಿಲ್ಕ್‌ನಲ್ಲಿ ಹುಳ ಸಿಕ್ಕಿತು, ಈ ಸಲ ನಿಜವಾದದ್ದೇ. ಮಾರಾಟ ಕುಸಿಯಿತು. ಕ್ಯಾಡ್‌ಬರಿ ಹೊದಿಕೆಯನ್ನು ಬಿಗಿಯಾಗಿ ಮುದ್ರೆಯಾಗುವಂತೆ ಬದಲಿಸಿತು, ಅಮಿತಾಭ್ ಬಚ್ಚನ್‌ರನ್ನು ಜಾಹೀರಾತಿಗೆ ಕರೆತಂದಿತು. ಅದೇ ಕ್ಯಾಡ್‌ಬರಿಯ ಇಂಗ್ಲೆಂಡಿನ ಮಾರ್ಲ್‌ಬ್ರೂಕ್ ಕಾರ್ಖಾನೆಯಲ್ಲಿ ಪೈಪು ಸೋರಿ ಸಾಲ್ಮೊನೆಲ್ಲಾ ಸೇರಿಕೊಂಡಾಗ, 2006ರಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಚಾಕಲೇಟುಗಳನ್ನು ವಾಪಸ್ ತರಿಸಬೇಕಾಯಿತು. ಮರುವರ್ಷ ಕೋರ್ಟು ಹಾಕಿದ ದಂಡ 10 ಲಕ್ಷ ಪೌಂಡು. ವಾಪಸಾತಿಯ ಖರ್ಚಿಗೆ ವಿಮೆ ಸಿಗುತ್ತದೆ. ಅಪರಾಧದ ದಂಡವನ್ನು ವಿಮೆಯವರ ತಲೆಗೆ ಕಟ್ಟುವಂತಿಲ್ಲ.

ಇನ್ನು ಕೊಕ್ಕೊ ಬೆಲೆ. ಇದು ನನ್ನೂರಿನ ಕಥೆಯೂ ಹೌದು, ಹಾಗಾಗಿ ಸ್ವಲ್ಪ ಬಿಸಿಯಾಗುತ್ತೇನೆ. ಪುತ್ತೂರು ಸೀಮೆಯ ಅಡಿಕೆ ತೋಟಗಳ ನೆರಳಿನಲ್ಲಿ ಕೊಕ್ಕೊ ಗಿಡ ನೆಟ್ಟವರು 1980ರ ಸುಮಾರಿಗೆ ಬೆಲೆ ಬಿದ್ದಾಗ ಕೊಳ್ಳುವವರಿಲ್ಲದೆ ಕೂತರು. ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗಿಳಿದು, 1986ರಲ್ಲಿ ಪುತ್ತೂರಿನಲ್ಲೇ ಚಾಕಲೇಟು ಕಾರ್ಖಾನೆ ತೆರೆದ ಮೇಲೆ ಗಿಡಗಳು ಉಳಿದವು. ಕೊಳ್ಳುವ ಕಂಪನಿಗಾದರೆ ಲಂಡನ್, ನ್ಯೂಯಾರ್ಕ್‌ಗಳ ವಾಯಿದಾ ಪೇಟೆ ಇದೆ. ಮುಂದೆ ಬೇಕಾಗುವ ಕೊಕ್ಕೊಗೆ ಇಂದೇ ದರ ಗಟ್ಟಿಮಾಡಿಕೊಳ್ಳಬಹುದು. ಹಸಿ ಬೀಜವನ್ನು ಗೋಣಿಯಲ್ಲಿ ಹೊತ್ತು ತರುವವನಿಗೆ ಆ ದಿನದ ರೇಟೇ ಗತಿ.

ವಾಯಿದಾ ಪೇಟೆಯೂ ಎಷ್ಟು ಕಾಲ ತಡೆದೀತು? ಘಾನಾ, ಐವರಿ ಕೋಸ್ಟ್‌ಗಳಲ್ಲಿ ಮಳೆ ಮತ್ತು ರೋಗಕ್ಕೆ ಬೆಳೆ ಹೋಗಿ, 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಕೊಕ್ಕೊ ಟನ್ನಿಗೆ 12,000 ಡಾಲರ್ ದಾಟಿತು. ಅದಕ್ಕೆ ಎರಡು ವರ್ಷ ಹಿಂದೆ ದರ 2,500ರ ಆಸುಪಾಸಿನಲ್ಲಿತ್ತು. ಮುಂಗಡವಾಗಿ ಗಟ್ಟಿಮಾಡಿಕೊಂಡ ದರದ ಅವಧಿ ಎಂದಾದರೂ ಮುಗಿಯಲೇಬೇಕು. 2025ರಲ್ಲಿ ಜರ್ಮನಿಯ ಅಂಗಡಿಗಳಲ್ಲಿ ಮಿಲ್ಕಾ ಹಾಲಿನ ಚಾಕಲೇಟು 100 ಗ್ರಾಮಿನಿಂದ 90ಕ್ಕೆ ಇಳಿಯಿತು, ಬೆಲೆ 1.49 ಯೂರೋದಿಂದ 1.99ಕ್ಕೆ ಏರಿತು. ಹೊದಿಕೆ ಹೆಚ್ಚುಕಡಿಮೆ ಹಳೆಯದೇ. ಅಲ್ಲಿನ ಗ್ರಾಹಕ ಸಂಘಟನೆ ಇದನ್ನು ಕೋರ್ಟಿಗೆ ಎಳೆಯಿತು.