ಹಳೆಯ ಬಸ್ಸಿಗೂ ಒಂದು ಹಬ್ಬ ಬೇಕು

ಆಯುಧಪೂಜೆ ಬಂತೆಂದರೆ ನಮ್ಮ ಕಡೆಯ ಬಸ್ಸುಗಳಿಗೆ ಮದುವೆಯ ಕಳೆ ಬರುತ್ತದೆ. ಮದಕರಿಪುರದಿಂದ ದುರ್ಗಕ್ಕೆ ಹೋಗಿ ಒಂದು ದಿನವಿಡೀ ಈ ಸಡಗರ ನೋಡುವುದು ನಮಗೆಲ್ಲ ಇಷ್ಟವಾದ ವಿಹಾರ. ತೊಳೆದು ಮಿರುಗುವ ಬಸ್ಸಿಗೆ ಚೆಂಡುಹೂವಿನ ಹಾರ, ಎರಡೂ ಬದಿಗೆ ಬಾಳೆಕಂದು, ಗಾಜಿನ ಮೇಲೆ ವಿಭೂತಿ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಬೂದುಗುಂಬಳ ಒಡೆದು, ಮಂಡಕ್ಕಿ ಬಾಳೆಹಣ್ಣು ಹಂಚಿದ ಮೇಲೆ ಹಾರನ್ ಬಾರಿಸುತ್ತ ಬಸ್ಸು ಹೊರಡುವಾಗ ಮಕ್ಕಳ ಸಂತೋಷ ಹೇಳತೀರದು.

ಆದರೆ ಈ ಸಾಲಿನಲ್ಲಿ ನಿಲ್ಲುವುವೆಲ್ಲ ಈಚಿನ ಬಸ್ಸುಗಳು. ನಮ್ಮ ಹಿರಿಯರನ್ನೂ ಅವರ ಅಡಿಕೆ ಮೂಟೆಗಳನ್ನೂ ಹೊತ್ತ ಬಸ್ಸು ಒಂದೂ ಕಾಣಸಿಗದು.

ಆ ಬಸ್ಸುಗಳ ಸ್ವರೂಪವೇ ಬೇರೆ. ಮುಂದಕ್ಕೆ ಮೂತಿ ಚಾಚಿದ ಇಂಜಿನ್, ಹ್ಯಾಂಡಲ್ ಹಾಕಿ ತಿರುವಿದರೆ ಚಾಲೂ ಆಗುವ ಯಂತ್ರ, ಹಿಂಬದಿಗೆ ಕಬ್ಬಿಣದ ಏಣಿ, ಮೇಲೆ ಸಾಮಾನಿನ ಕ್ಯಾರಿಯರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇದ್ದಿಲ ಗ್ಯಾಸಿನಿಂದ ಬಸ್ಸು ಓಡಿಸಿದರು. ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕಾಗುತ್ತಿತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ನಮ್ಮ ಭಾಗದಲ್ಲಾದರೋ ಹಿಂದಿನಿಂದಲೂ ಖಾಸಗಿ ಬಸ್ಸುಗಳ ಓಡಾಟವೇ ಹೆಚ್ಚು. ಭೀಮಸಮುದ್ರದ ಅಡಿಕೆ ವ್ಯಾಪಾರಕ್ಕೆ, ಹೊಳಲ್ಕೆರೆ, ಹೊಸದುರ್ಗದ ಸಂತೆಗೆ, ಆಸ್ಪತ್ರೆಗೆ, ಕಚೇರಿಗೆ ಸಣ್ಣ ಹಿಡುವಳಿದಾರನಿಗೆ ಬಸ್ಸೇ ಗತಿ. ಸ್ವಂತ ಗಾಡಿಯಿಲ್ಲದವನ ಬೆಳೆಯನ್ನು ಪೇಟೆಯ ಧಾರಣೆಯ ಬಳಿಗೆ ಒಯ್ದದ್ದು ಅದೇ.

ಮಲೆನಾಡಿನ ಕಾಫಿ, ಅಡಿಕೆ ಬೆಳೆಗಾರರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾದೀತು. ಕೊಪ್ಪದಲ್ಲಿ ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅದರ ಕಾರ್ಮಿಕರು ಕೈಕಟ್ಟಿ ಕೂರಲಿಲ್ಲ. 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿ 'ಸಹಕಾರ ಸಾರಿಗೆ' ಆರಂಭಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಒಡೆಯರು. ವಿದ್ಯಾರ್ಥಿಗಳಿಗೆ ರಿಯಾಯಿತಿ ದರ ಕೊಟ್ಟು, ಬೇರೆ ಬಸ್ಸು ಹೋಗದ ಹಳ್ಳಿಗಳಿಗೂ ಹೋದ ಈ ಸಂಸ್ಥೆ ಸುಮಾರು ಮೂರು ದಶಕ ನಡೆದು, ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ನಿಂತುಹೋಯಿತು. ಸಹಕಾರಿಗಳಾದ ನಾವು ಮರೆಯಬಾರದ ಇತಿಹಾಸವಿದು. ಆದರೆ ಬಸ್ಸೇ ಕಣ್ಮರೆಯಾದ ಮೇಲೆ ಅದನ್ನು ಹೊಸಬರಿಗೆ ತೋರಿಸುವುದು ಹೇಗೆ?

ಇಂಗ್ಲೆಂಡಿನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿನ ಸಾಲ್ಸ್‌ಬರಿ ಬಯಲಿನ ಇಂಬರ್ ಎಂಬ ಹಳ್ಳಿಯ ಜನರನ್ನು 1943ರಲ್ಲಿ ಸೈನ್ಯದ ತರಬೇತಿಗಾಗಿ ಎಬ್ಬಿಸಲಾಯಿತು. ಅವರು ಮತ್ತೆ ಮರಳಲಾಗಲಿಲ್ಲ. 2009ರಿಂದ ಬೇಸಿಗೆಯ ಒಂದು ದಿನ ವಾರ್ಮಿನ್ಸ್ಟರ್ ಪಟ್ಟಣದಿಂದ ಆ ಪಾಳು ಹಳ್ಳಿಗೆ ಲಂಡನ್ನಿನ ಹಳೆಯ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳನ್ನು ಓಡಿಸುವ ಪದ್ಧತಿ ಶುರುವಾಯಿತು. ಉತ್ಸಾಹಿಗಳೇ ಡ್ರೈವರು, ಕಂಡಕ್ಟರು. ಜನ ಟಿಕೆಟ್ ಕೊಂಡು ಪ್ರಯಾಣಿಸುತ್ತಾರೆ. ಬಂದ ಹಣ ಧರ್ಮಕಾರ್ಯಕ್ಕೆ, ಆ ಹಳ್ಳಿಯ ಚರ್ಚಿನ ರಕ್ಷಣೆಗೆ ಹೋಗುತ್ತದೆ. ಬಸ್ಸೂ ಉಳಿಯಿತು, ಊರಿನ ನೆನಪೂ ಉಳಿಯಿತು.

ನಮ್ಮಲ್ಲಿ ಹಾಗೆ ಉಳಿಸುವುದು ಅಷ್ಟು ಸುಲಭವಲ್ಲ. ಕೇಂದ್ರ ಸರ್ಕಾರ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ನೋಂದಣಿ ತಂದಿತು. ಅದು ಸ್ವಂತ ಉಪಯೋಗದ ದ್ವಿಚಕ್ರಿ ಹಾಗೂ ಕಾರುಗಳಿಗಾಗಿ ಮಾಡಿದ್ದು. ಬಸ್ಸು ಅದರಲ್ಲಿ ಸೇರಿಲ್ಲ. 2023ರ ಏಪ್ರಿಲ್ 1ರಿಂದ ಸಾರಿಗೆ ನಿಗಮಗಳವೂ ಸೇರಿದಂತೆ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ಗುಜರಿಗೇ ಹೋಗಬೇಕು. ಹೊಗೆಯನ್ನೂ ಅಪಘಾತವನ್ನೂ ಕಡಿಮೆ ಮಾಡುವ ಈ ನಿಯಮಕ್ಕೆ ನಮ್ಮ ತಕರಾರಿಲ್ಲ. ಆದರೆ ಮಾದರಿಗೆ ಒಂದಾದರೂ ಉಳಿಯಬೇಡವೇ?

ರಸ್ತೆಯಲ್ಲಿ ಓಡಿಸಲಾಗದಿದ್ದರೂ ಅಂಗಳದಲ್ಲಿ ನಿಲ್ಲಿಸಿ ಪೂಜಿಸಬಹುದು. ಗುಜರಿಗೆ ಹೊರಟ ಒಂದು ಹಳೆಯ ಖಾಸಗಿ ಬಸ್ಸನ್ನು ಸಂಘವೊಂದು ಕೊಂಡು, ಇಂಜಿನ್ ತಣ್ಣಗಿದ್ದರೂ ಬಣ್ಣ ಹಚ್ಚಿ, ಹಳೆಯ ಮಾರ್ಗದ ಬೋರ್ಡು ತೂಗುಹಾಕಿ ಗೋದಾಮಿನ ಪಕ್ಕದಲ್ಲಿ ನೆರಳು ಮಾಡಿ ಇರಿಸಬಹುದು. ನಿವೃತ್ತ ಡ್ರೈವರು, ಕಂಡಕ್ಟರುಗಳನ್ನು ಆಯುಧಪೂಜೆಯ ದಿನ ಕರೆಸಿ, ಹಾರ ಹಾಕಿ, ಅವರ ಅನುಭವ ಕೇಳಬಹುದು. ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ಬಸ್ಸು, ಮೂಟೆಗೆ ಎಷ್ಟು ಲಗೇಜು ಚಾರ್ಜು, ಹಳ್ಳದ ನೀರು ಏರಿದಾಗ ಏನು ಮಾಡುತ್ತಿದ್ದರು ಎಂಬುದನ್ನು ಬರೆದಿಡಬಹುದು. ಇದಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ: ಅಟ್ಟದ ಮೇಲೆ ಹಳೆಯ ಟಿಕೆಟ್ ಕಟ್ಟು, ಬಸ್ಸಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ, ಹಿತ್ತಾಳೆಯ ಹಾರನ್ ಇದ್ದರೆ ಗುಜರಿಯವನ ಕೈಗೆ ಕೊಡಬೇಡಿ. ತೋಟದ ಹಳೆಯ ಮರವನ್ನು ತಳಿಗಾಗಿ ಉಳಿಸಿಕೊಳ್ಳುವ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಮುಂದಿನ ಆಯುಧಪೂಜೆಯೊಳಗೆ ಒಂದು ಸಂಘವಾದರೂ ಮುಂದೆ ಬರಲೆಂದು ಹಾರೈಸುತ್ತೇವೆ.